ಟ್ಯೂಬು ಯಂತ್ರ ಸೇರುವ ಮೊದಲು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು. ಸರ್ಕಾರಿ ಲ್ಯಾಬ್‌ಗಳ ಸುಧಾರಣೆಯ ಮಾತು ಬಂದಾಗಲೆಲ್ಲ ಮೊದಲು ಹೊಸ ಯಂತ್ರಗಳ ಪಟ್ಟಿ ಮುಂದೆ ಬರುತ್ತದೆ. ಯಂತ್ರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಿಪೋರ್ಟು ಹೆಚ್ಚಾಗಿ ಕೆಡುವುದು ಟ್ಯೂಬು ಯಂತ್ರ ಸೇರುವ ಮೊದಲೇ. ರಕ್ತ ಎಳೆಯುವಾಗ, ಟ್ಯೂಬಿಗೆ ತುಂಬುವಾಗ, ಸಾಗಿಸುವಾಗ, ಚೀಟಿ ಬರೆಯುವಾಗ. ಆ ಹಂತದ ಮೇಲೆ ತಾವು ಕಣ್ಣಿಡಬೇಕೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇವೆ.

ಒಂದು ಶುಗರ್ ಟೆಸ್ಟನ್ನೇ ತೆಗೆದುಕೊಳ್ಳಿ. ವಾರ್ಡಿನ ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ 8ಕ್ಕೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಗ್ಲೂಕೋಸ್ 132 ಇದೆ ಎನ್ನೋಣ. 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಗೆರೆ. ಟ್ಯೂಬಿನೊಳಗೂ ರಕ್ತಕಣಗಳಿಗೆ ಜೀವವಿರುತ್ತದೆ, ಅವು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಮಾಮೂಲಿ ಕೋಣೆಯ ಬಿಸಿಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು. ಡಬ್ಬಿ ಹೊತ್ತ ಬೈಕು ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡು ದೊಡ್ಡ ಲ್ಯಾಬಿಗೆ ಬರುವಷ್ಟರಲ್ಲಿ ಎರಡು ಗಂಟೆಯಾದರೆ, 132 ಇದ್ದದ್ದು 117ರ ಆಸುಪಾಸಿಗೆ ಇಳಿದಿರುತ್ತದೆ. ಯಂತ್ರ ಅದನ್ನು ಸರಿಯಾಗಿಯೇ ಅಳೆಯುತ್ತದೆ. ಕಾಯಿಲೆ ಶುರುವಾಗಿರುವ ಮನುಷ್ಯ ‘ಗಡಿಯಲ್ಲಿದೆ’ ಎನ್ನಿಸಿಕೊಂಡು ಮಾತ್ರೆಯಿಲ್ಲದೆ ಮನೆಗೆ ಹೋಗುತ್ತಾರೆ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿದರಾಯಿತಲ್ಲ ಎಂದು ಅಧಿಕಾರಿಗಳು ಹೇಳಬಹುದು. ಅದು ಅರ್ಧ ಮಾತ್ರ ಸರಿ. ಫ್ಲೋರೈಡ್ ತಡೆಯುವುದು ಗ್ಲೂಕೋಸ್ ಒಡೆಯುವ ಸರಣಿಯ ಕೊನೆಯ ಭಾಗದಲ್ಲಿರುವ ಎನೊಲೇಸ್ ಕಿಣ್ವವನ್ನು. ಮೇಲಿನ ಹಂತಗಳು ನಡೆಯುತ್ತಲೇ ಇರುವುದರಿಂದ ಮೊದಲ ಒಂದೆರಡು ಗಂಟೆ ಇಳಿಕೆ ನಿಲ್ಲುವುದಿಲ್ಲ. ಸಿಟ್ರೇಟ್ ಬಫರ್ ಇರುವ ಗ್ಲೂಕೋಸ್ ಟ್ಯೂಬು ಅದನ್ನು ಬೇಗ ನಿಲ್ಲಿಸುತ್ತದೆ.

ಇನ್ನು ಐಸ್ ಡಬ್ಬಿ. ಶುಗರ್‌ಗೆ ಅದು ಒಳ್ಳೆಯದೇ. ಆದರೆ ಅದೇ ಡಬ್ಬಿಯಲ್ಲಿ ಅದೇ ರೋಗಿಯ, ಪೊಟ್ಯಾಸಿಯಂ ಅಳೆಯುವ ಕಿಡ್ನಿ ಪರೀಕ್ಷೆಯ ಟ್ಯೂಬೂ ಇರುತ್ತದೆ, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸದೆ. ಕೆಂಪು ಕಣದೊಳಗೆ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಪೊಟ್ಯಾಸಿಯಂ ಇದೆ. ಚಳಿಗೆ ಕಣದ ಪಂಪು ಸೋತು, ಗಂಟೆಗಳು ಕಳೆದಂತೆ ಅದು ಹೊರಕ್ಕೆ ಸೋರುತ್ತದೆ. ಕಣ ಒಡೆದಿದ್ದರೆ ಸೀರಮ್ ಕೆಂಪಾಗಿ ಲ್ಯಾಬಿನವರ ಕಣ್ಣಿಗಾದರೂ ಬೀಳುತ್ತಿತ್ತು. ಇಲ್ಲಿ ಕಣ ಒಡೆಯುವುದೇ ಇಲ್ಲ, ಸೀರಮ್ ತಿಳಿಹಳದಿಯಾಗಿಯೇ ಕಾಣುತ್ತದೆ. ಒಂದನ್ನು ಉಳಿಸುವ ಐಸು ಇನ್ನೊಂದನ್ನು ಕೆಡಿಸುತ್ತದೆ.

ಇದಕ್ಕೆ ಪರಿಹಾರ ದುಬಾರಿಯದೇನಲ್ಲ. ರಕ್ತ ಎಳೆಯುವ ಪ್ರತಿಯೊಂದು ಕಡೆ ಟ್ಯೂಬನ್ನು ವೇಗವಾಗಿ ತಿರುಗಿಸುವ ಒಂದು ಸಣ್ಣ ಸೆಂಟ್ರಿಫ್ಯೂಜ್ ಇರಲಿ. ಜೆಲ್ ಇರುವ ಹಳದಿ ಮುಚ್ಚಳದ ಟ್ಯೂಬನ್ನು ಐದಾರು ಸಲ ಮೆಲ್ಲಗೆ ತಲೆಕೆಳಗು ಮಾಡಿ, 30 ನಿಮಿಷ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಟ್ಟು, 10 ನಿಮಿಷ ತಿರುಗಿಸಿದರೆ ಕಣಕ್ಕೂ ಸೀರಮ್‌ಗೂ ನಡುವೆ ಜೆಲ್ ಗೋಡೆ ಕಟ್ಟುತ್ತದೆ. ಆಮೇಲೆ ಟ್ರಾಫಿಕ್ಕಿನಲ್ಲಿ ನಿಂತರೂ ಐಸ್ ಡಬ್ಬಿಯಲ್ಲಿ ಇಟ್ಟರೂ ಭಯವಿಲ್ಲ. ಹೆಪ್ಪುಗಟ್ಟುವ ಮೊದಲೇ ಅವಸರದಲ್ಲಿ ತಿರುಗಿಸಿದರೆ ಮಾತ್ರ ಸೀರಮ್‌ನಲ್ಲಿ ಎಳೆಗಳು ಉಳಿದು ಯಂತ್ರದ ನಳಿಕೆ ಕಟ್ಟಿಕೊಳ್ಳುತ್ತದೆ. ಟೆಂಡರ್ ಬರೆಯುವವರಿಗೆ ಒಂದು ಸೂಚನೆ: ಬರೀ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆದರೆ ಸಾಲದು. ಅದೇ ಆರ್‌ಪಿಎಂನಲ್ಲಿ ಸಣ್ಣ ರೋಟರ್ (ಟ್ಯೂಬು ಕೂರಿಸಿ ತಿರುಗಿಸುವ ಭಾಗ) ಕೊಡುವ ಬಲ ಕಡಿಮೆ. 1,300ರಿಂದ 2,000 ಜಿ ಬಲ (ಭೂಮಿಯ ಸೆಳೆತದ ಅಷ್ಟು ಪಟ್ಟು), ಟ್ಯೂಬು ಅಡ್ಡಕ್ಕೆ ತೂಗಿ ನಿಲ್ಲುವ ರೋಟರ್ ಎಂದೇ ನಮೂದಿಸಬೇಕು. ಇಲ್ಲದಿದ್ದರೆ ಜೆಲ್ ಓರೆಯಾಗಿ ಕೂರುತ್ತದೆ.

ರಕ್ತ ಎಳೆಯುವವರಿಗೆ ತರಬೇತಿ ಬೇಕು. ತೋಳಿಗೆ ಬಿಗಿದ ಪಟ್ಟಿ ಒಂದು ನಿಮಿಷ ಮೀರಬಾರದು. ಟ್ಯೂಬು ತುಂಬುವಾಗ ನೀಲಿ ಮುಚ್ಚಳದ್ದು ಮೊದಲು, ಆಮೇಲೆ ಹಳದಿ, ನೇರಳೆ, ಕೊನೆಗೆ ಬೂದು ಎಂಬ ಸಾಲು ತಪ್ಪಬಾರದು. ಹಳದಿ ಟ್ಯೂಬಿಗೆ ರಕ್ತ ಸಾಲದಾಗ ನೇರಳೆಯಿಂದ ಒಂಚೂರು ಸುರಿಯುವುದು ಅತಿ ಅಪಾಯದ ಅಭ್ಯಾಸ. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಇಡಿಟಿಎ. ಅದು ಬೆರೆತರೆ ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಹೆಚ್ಚು ಬೆರೆತರೆ ತಂತ್ರಜ್ಞರಿಗೆ ಅನುಮಾನ ಬರುತ್ತದೆ, ಕಡಿಮೆ ಬೆರೆತರೆ ಸುಳ್ಳು ಪೊಟ್ಯಾಸಿಯಂಗೆ, ಅದನ್ನು ಇಳಿಸಲೆಂದು ಇನ್ಸುಲಿನ್ ಚಿಕಿತ್ಸೆ ಶುರುವಾಗಬಹುದು. ನೀಲಿ ಟ್ಯೂಬಿನಲ್ಲಿ 0.3 ಎಂಎಲ್ ಸಿಟ್ರೇಟ್ ದ್ರವಕ್ಕೆ 2.7 ಎಂಎಲ್ ರಕ್ತ ಗೆರೆಯವರೆಗೆ ಬೀಳಲೇಬೇಕು. ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಸಮಯ ಸುಳ್ಳೇ ಹೆಚ್ಚು ಬರುತ್ತದೆ.

ಮಳೆಗಾಲ ಬಂತೆಂದರೆ ನಗರದಲ್ಲೆಲ್ಲ ‘ಪ್ಲೇಟ್‌ಲೆಟ್ ಎಷ್ಟು?’ ಎಂಬುದೊಂದೇ ಪ್ರಶ್ನೆ. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದೊಡನೆ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಲೆಕ್ಕ 40 ಸಾವಿರಕ್ಕೆ ಬಿದ್ದು ಮನೆಯವರು ರಾತ್ರೋರಾತ್ರಿ ದಾನಿಗಳನ್ನು ಹುಡುಕುತ್ತಾರೆ. ಗಾಜಿನ ಮೇಲೆ ರಕ್ತದ ತೆಳು ಪದರ (ಸ್ಮಿಯರ್) ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರಲ್ಲೂ ಸ್ಮಿಯರಿನ ಅಂಚಿನಲ್ಲಿ, ಗುಂಪುಗಳು ಕಣ್ಣಿಗೆ ಬೀಳುತ್ತವೆ. ಆಗ ನೀಲಿ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಸಿಟ್ರೇಟ್ ದ್ರವದಿಂದ ರಕ್ತ ತೆಳುವಾಗಿರುವುದಕ್ಕಾಗಿ ಬಂದ ಲೆಕ್ಕವನ್ನು 1.1ರಿಂದ ಗುಣಿಸಿದರೆ ನಿಜ ಸಂಖ್ಯೆ ಸಿಗುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆ ಬಂದ ಪ್ರತಿ ಹೊಸ ರೋಗಿಗೂ ಸ್ಮಿಯರ್ ಕಡ್ಡಾಯವಾಗಲಿ. ಡೆಂಗಿಯಲ್ಲಿ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಕೂಡ ಅಷ್ಟೇ ಮುಖ್ಯ. 36 ಇದ್ದದ್ದು 43 ದಾಟಿದರೆ ರಕ್ತನಾಳದಿಂದ ನೀರಿನಂಶ ಸೋರುತ್ತಿದೆ ಎಂದರ್ಥ, ಪ್ಲೇಟ್‌ಲೆಟ್ ಚೆನ್ನಾಗಿಯೇ ಇದ್ದರೂ.

2024ರಲ್ಲಿ ಖಾಸಗಿ ಲ್ಯಾಬ್‌ಗಳ ಡೆಂಗಿ ಪರೀಕ್ಷೆಗೆ ಸರ್ಕಾರ ದರ ಗೊತ್ತುಮಾಡಿದ್ದು ಜನರಿಗೆ ಉಪಕಾರವಾಯಿತು. ಆದರೆ ಜ್ವರದ ಎಷ್ಟನೇ ದಿನ ಎಂದು ಗೊತ್ತಿಲ್ಲದೆ ಮಾಡಿದ ಪರೀಕ್ಷೆ ದಾರಿ ತಪ್ಪಿಸುತ್ತದೆ. ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ಮೊದಲ ಐದು ದಿನಕ್ಕೆ, ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಅದರ ನಂತರಕ್ಕೆ. ಮೂರನೇ ದಿನ ಐಜಿಎಂ ನೆಗೆಟಿವ್ ಬಂದರೆ ಡೆಂಗಿ ಇಲ್ಲ ಎನ್ನಲಾಗದು. ಟೈಫಾಯ್ಡ್‌ಗೆ ಒಂದೇ ವಿಡಾಲ್ (ಪ್ರತಿಕಾಯ ಪರೀಕ್ಷೆ) ನೋಡಿ ಹತ್ತು ದಿನ ಆಂಟಿಬಯೋಟಿಕ್ ಕೊಡುವುದೂ ಇಂಥದೇ ತಪ್ಪು. ಮೊದಲ ವಾರದಲ್ಲಿ, ಔಷಧಿ ಕೊಡುವ ಮೊದಲು, ಬಾಟಲಿಗೆ 8ರಿಂದ 10 ಎಂಎಲ್‌ನಂತೆ ದೊಡ್ಡವರಿಂದ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯಬೇಕು. ಹೀಗಾಗಿ ಚೀಟಿಯಲ್ಲಿ ಜ್ವರದ ದಿನ, ಕೊಟ್ಟಿರುವ ಔಷಧಿ, ವೈದ್ಯರ ಅನುಮಾನ, ರಕ್ತ ಎಳೆದ ಗಂಟೆ ಇಲ್ಲದಿದ್ದರೆ ಪರೀಕ್ಷೆಯನ್ನು ಕಂಪ್ಯೂಟರ್ ಸ್ವೀಕರಿಸದಂತೆ ಮಾಡಿ. ಬರೆಯಲು ಅರ್ಧ ನಿಮಿಷ ಸಾಕು.

ಯಂತ್ರದ ಕಡೆಗೂ ಎರಡು ಮಾತು. ಎರಡು ಮಟ್ಟದ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ದಿನಾ ಬೆಳಿಗ್ಗೆ ಓಡಬೇಕು, ಅದು ಸರಿ ಬರುವವರೆಗೆ ರೋಗಿಯ ರಿಪೋರ್ಟು ಹೊರಡಬಾರದು. ಪೊಟ್ಯಾಸಿಯಂ 6 ದಾಟಿದ, ಗ್ಲೂಕೋಸ್ 45ಕ್ಕಿಂತ ಇಳಿದ ಫಲಿತಾಂಶವನ್ನು ಲ್ಯಾಬಿನವರು ವಾರ್ಡಿಗೆ ಫೋನ್ ಮಾಡಿ ಹೇಳಿ, ಅತ್ತ ಕಡೆಯವರಿಂದ ಓದಿಸಿಕೊಂಡು, ಹೆಸರು ಮತ್ತು ಸಮಯ ಬರೆದಿಡಬೇಕು.

ಕೊನೆಯದಾಗಿ, ಕೆಟ್ಟ ಸ್ಯಾಂಪಲ್ ತಿರಸ್ಕರಿಸುವ ತಂತ್ರಜ್ಞರಿಗೆ ತಮ್ಮ ಆದೇಶದ ಬೆಂಬಲ ಬೇಕು. ‘ಇನ್ನೊಮ್ಮೆ ಚುಚ್ಚಬೇಕಾ?’ ಎಂದು ವಾರ್ಡಿನವರು ಸಿಟ್ಟಾದಾಗ, ಕೆಂಪಾದ ಸೀರಮ್ಮನ್ನೇ ಯಂತ್ರಕ್ಕೆ ಹಾಕುವ ಒತ್ತಡ ಅವರ ಮೇಲೆ ಬೀಳುತ್ತದೆ. ತಿರಸ್ಕರಿಸಿದ ಪ್ರತಿ ಟ್ಯೂಬಿನ ಕಾರಣ ಒಂದು ಪುಸ್ತಕದಲ್ಲಿ ದಾಖಲಾಗಲಿ, ಆ ಪುಸ್ತಕವನ್ನು ವೈದ್ಯಕೀಯ ಅಧೀಕ್ಷಕರು ಪ್ರತಿ ತಿಂಗಳು ನೋಡಲಿ.

ಇಂತಿ,
ಬೆಂಗಳೂರಿನ ಕೆಲವು ಲ್ಯಾಬ್ ತಂತ್ರಜ್ಞರು ಮತ್ತು ಪೆಥಾಲಜಿ ವೈದ್ಯರು