ಹಳೇ ಮನೆಯ ವೈರಿಂಗ್ ಬದಲಿಸುವವರು ಓದಿ

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದ ನಮ್ಮ ಹಳೇ ಮನೆಗೆ ಹೋದ ವಾರ ಹೊಸ ಡಿಬಿ ಬಾಕ್ಸ್ (ಮನೆಯ ಎಲ್ಲ ಲೈನಿನ ಸ್ವಿಚ್‌ಗಳಿರುವ ಪೆಟ್ಟಿಗೆ) ಹಾಕಿಸಿದೆವು. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಕೂರಿಸಿದ್ದೇ ತಡ, ಹಾಲ್ ಫ್ಯಾನ್ ಹಾಕಿದಾಗಲೆಲ್ಲ ಟ್ರಿಪ್! ಆರ್‌ಸಿಸಿಬಿಯೇ ಕೆಟ್ಟದ್ದು ಅಂತ ಸುಮ್ನೆ ಬೈದೆ. ಆಮೇಲೆ ನೋಡಿದರೆ, ಫ್ಯಾನಿನ ನ್ಯೂಟ್ರಲ್ಲನ್ನು, ಅಂದರೆ ಕರೆಂಟು ವಾಪಸ್ ಬರುವ ವೈರನ್ನು, ಹಿಂದೆ ಯಾರೋ ಯುಪಿಎಸ್ ಲೈನಿನ ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದರು. ಫೇಸಿನಲ್ಲಿ ಹೋದ ಕರೆಂಟು ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಬರದಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅದರ ಲೆಕ್ಕ. ಎರಡು ನ್ಯೂಟ್ರಲ್ ಬೇರೆ ಮಾಡಿದ ಮೇಲೆ ಸರಿಹೋಯಿತು.

‘ಆರ್‌ಸಿಸಿಬಿ ತೆಗೆದುಬಿಡೋಣ ಸಾರ್, ತಲೆನೋವು’ ಅಂತ ಎಲೆಕ್ಟ್ರಿಷಿಯನ್ ಅಂದರೆ ದಯವಿಟ್ಟು ಒಪ್ಪಬೇಡಿ. ಲೋಡ್ ಜಾಸ್ತಿಯಾದರೆ ಲೈನ್ ಕಡಿಯುವ ಎಂಸಿಬಿ ಪದೇ ಪದೇ ಬಿದ್ದರೂ ಅಷ್ಟೇ, ವೈರ್ ನೋಡದೆ ದೊಡ್ಡ ಆಂಪಿನದು ಹಾಕಿಸಬೇಡಿ. ಮೊದಲು ಬಿಸಿಯಾಗುವುದು ಗೋಡೆಯೊಳಗಿನ ವೈರು.

ಹೆದರಿಕೆ ಆಗಿದ್ದು ಗೀಸರ್ ಸಾಕೆಟ್ ಬಿಚ್ಚಿದಾಗ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ತ್ ಪಿನ್ನಿಗೆ ವೈರೇ ಇಲ್ಲ! ಇಷ್ಟು ವರ್ಷ ಹಾಗೇ ಸ್ನಾನ ಮಾಡಿದ್ದೇವೆ. ನಿಮ್ಮ ಮನೆಯಲ್ಲೂ ಒಮ್ಮೆ ಮೇನ್ ಆಫ್ ಮಾಡಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ ನೋಡಿ. ಗೋಡೆ ಮುಚ್ಚುವ ಮುಂಚೆ ವೈರಿನ ಪೈಪ್ ಹೋದ ದಾರಿಯ ಫೋಟೋ ತೆಗೆದಿಡಿ. ನಾನು ಮರೆತೆ.