ಶನಿವಾರದ ಸ್ಯಾಂಪಲ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸಾಂಪ್ರದಾಯಿಕ ಆಹಾರಗಳಿಂದ ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ (ಆಹಾರವನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ) ಬೇರ್ಪಡಿಸುವ ಕೆಲಸ ಈ ಶನಿವಾರ ಬೆಳಿಗ್ಗೆ 10ಕ್ಕೆ ಲ್ಯಾಬ್‌ನಲ್ಲಿ ಶುರುವಾಗುತ್ತದೆ. ಸ್ಯಾಂಪಲ್ ತರಲು ಒಪ್ಪಿಕೊಂಡವರು ದಯವಿಟ್ಟು ಗಮನಿಸಿ.

ತಾನಾಗಿ ಹುಳಿ ಬಂದದ್ದೇ ಬೇಕು. ವಿನೆಗರ್ ಹಾಕಿದ್ದು, ಕುದಿಸಿದ್ದು ಬೇಡ. ಕುದಿಸಿದರೆ ಈ ಬ್ಯಾಕ್ಟೀರಿಯಾ ಸತ್ತುಹೋಗುತ್ತವೆ. ಸ್ಟೆರೈಲ್ ಡಬ್ಬಿಗೆ ಹಾಕಿ, ಐಸ್ ಪ್ಯಾಕ್ ಜೊತೆ ತನ್ನಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಆಹಾರ ಯಾವುದು, ಎಷ್ಟು ಗಂಟೆ ಹುದುಗಿತ್ತು ಅಂತ ಡಬ್ಬಿ ಮೇಲೆ ಬರೆದಿರಲಿ.

ಎಂಆರ್‌ಎಸ್ ಅಗರ್ (ಈ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿ) ಪ್ಲೇಟುಗಳನ್ನು 37 ಡಿಗ್ರಿಯಲ್ಲಿ 48 ಗಂಟೆ ಇಡುತ್ತೇವೆ. ಹಾಗಾಗಿ ಸೋಮವಾರವೂ ಇಬ್ಬರು ಬೇಕು. ಅಗರ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ಬೆರೆಸಿರುತ್ತೇವೆ. ಆಸಿಡ್ ಬಿಡುವ ಕಾಲೊನಿಯ (ಬ್ಯಾಕ್ಟೀರಿಯಾ ಗುಂಪಿನ) ಸುತ್ತ ಆ ಬಿಳುಪು ಕರಗಿ ತಿಳಿಯಾದ ಉಂಗುರ ಕಾಣುತ್ತದೆ. ಆ ಕಾಲೊನಿಯಿಂದ ಚೂರು ಸ್ಲೈಡ್ ಮೇಲೆ ತೆಗೆದು ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಗುಳ್ಳೆ ಬಂದರೆ ಅದು ಸಾಮಾನ್ಯವಾಗಿ ನಮಗೆ ಬೇಕಾದ ಬ್ಯಾಕ್ಟೀರಿಯಾ ಅಲ್ಲ, ಆ ಕಾಲೊನಿ ಬಿಟ್ಟುಬಿಡಿ.

ಇನ್ನೊಂದು ಮಾತು. ಸಿಕ್ಕಿದ್ದನ್ನೆಲ್ಲ ಸುಮ್ನೆ ಪ್ರೊಬಯಾಟಿಕ್ ಅನ್ನಬೇಡಿ. ಅದು ಹೊಟ್ಟೆಯ ಆಮ್ಲ, ಪಿತ್ತರಸ ತಾಳಿಕೊಳ್ಳಬೇಕು. ರಕ್ತಕಣಗಳನ್ನು ಒಡೆಯಬಾರದು, ಆಂಟಿಬಯಾಟಿಕ್ ಪ್ರತಿರೋಧವನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಿಸಬಾರದು. ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಮತ್ತು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ತಜ್ಞರು 2001ರಲ್ಲಿ ಹೇಳಿದಂತೆ, ಜೀವಂತವಾಗಿ, ಸಾಕಷ್ಟು ಪ್ರಮಾಣದಲ್ಲಿ ಒಳಹೋಗಿ ಆರೋಗ್ಯಕ್ಕೆ ಲಾಭ ಕೊಟ್ಟರೆ ಮಾತ್ರ ಆ ಹೆಸರು. ಒಂದು ಬ್ಯಾಕ್ಟೀರಿಯಾ ತಳಿಯ ಗುಣ ಇನ್ನೊಂದಕ್ಕೆ ಇರಲೇಬೇಕೆಂದಿಲ್ಲ, ಅಲ್ವಾ? ಯಾವುದು ಎಲ್ಲಿಂದ ಬಂತೆಂದು ಗೊತ್ತಿರಬೇಕು; ಅದಕ್ಕೇ ಡಬ್ಬಿಯ ಲೇಬಲ್ ವಿಷಯದಲ್ಲಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯಾರು ಏನು ತರುತ್ತೀರಿ, ಸೋಮವಾರ ಯಾರು ಬರುತ್ತೀರಿ ಎಂದು ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.