ಪದವಿ ಪ್ರದಾನ ಸಮಾರಂಭಕ್ಕೆ ಬರುವ ಪೋಷಕರ ಉಡುಪಿನ ಬಗ್ಗೆ

ಮಾನ್ಯ ಪೋಷಕರಿಗೆ,

ಸವಿನಯ ನಮಸ್ಕಾರಗಳು. ನಮ್ಮ ಕಾಲೇಜಿನ ಈ ವರ್ಷದ ಪದವಿ ಪ್ರದಾನ ಸಮಾರಂಭವು ಏಪ್ರಿಲ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ 10.30ಕ್ಕೆ ಕಾಲೇಜಿನ ಸಭಾಂಗಣದಲ್ಲಿ ನಡೆಯಲಿದೆ. ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ಅಂದು ರಜೆ ಇರುವುದರಿಂದ ಹೆಚ್ಚು ಪೋಷಕರಿಗೆ ಅನುಕೂಲವಾಗಬಹುದೆಂದು ಆ ದಿನವನ್ನು ಆರಿಸಿಕೊಂಡಿದ್ದೇವೆ. ಆಮಂತ್ರಣ ಪತ್ರಿಕೆಯನ್ನೂ ಮನೆಗೆ ನಾಲ್ಕರಂತೆ ಪ್ರವೇಶ ಪಾಸುಗಳನ್ನೂ ಮಕ್ಕಳ ಕೈಯಲ್ಲಿ ಈಗಾಗಲೇ ಕಳುಹಿಸಲಾಗಿದೆ. ಅವು ತಲುಪಿದಂದಿನಿಂದ ಕಚೇರಿಗೆ ದೂರವಾಣಿ ಮಾಡಿದ ಪೋಷಕರಲ್ಲಿ ಬಹಳ ಮಂದಿ ಕೇಳಿದ್ದು ಸಮಾರಂಭದ ವೇಳೆಯನ್ನಲ್ಲ, ಊಟದ ವ್ಯವಸ್ಥೆಯನ್ನಲ್ಲ. ಏನು ಉಟ್ಟುಕೊಂಡು ಬರಬೇಕು ಎಂಬುದನ್ನು. ಎಲ್ಲರಿಗೂ ಒಟ್ಟಿಗೆ ಉತ್ತರಿಸುವುದು ಸೂಕ್ತವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅತಿಥಿಗಳಿಗೆಂದು ಕಾಲೇಜು ಯಾವ ವಸ್ತ್ರಸಂಹಿತೆಯನ್ನೂ ಗೊತ್ತುಪಡಿಸಿಲ್ಲ. ಹಬ್ಬಕ್ಕೋ ಬೀಗರ ಮನೆಯ ಕಾರ್ಯಕ್ಕೋ ಉಡಲೆಂದು ತೆಗೆದಿರಿಸಿದ, ಒಗೆದು ಮಡಿಚಿದ ಬಟ್ಟೆ ಮನೆಯಲ್ಲಿದ್ದರೆ ಅದೇ ಸಾಕು. ಹೊಸದನ್ನು ಕೊಳ್ಳಬೇಕಾಗಿಲ್ಲ, ಬಾಡಿಗೆಗೆ ಸೂಟು ತರಬೇಕಾಗಿಲ್ಲ. ಈಚೆಗೆ ಮದುವೆಗಳಲ್ಲಿ ರೂಢಿಗೆ ಬಂದಿರುವಂತೆ ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ಹೊಲಿಸಿಕೊಳ್ಳುವ ಅಗತ್ಯವಂತೂ ಇಲ್ಲವೇ ಇಲ್ಲ. ಕೆಲವು ಮನೆಗಳಲ್ಲಿ ಈ ಸಮಾರಂಭದ ಸೀರೆಗಾಗಿ ಸಂಘದಲ್ಲಿ ಸಾಲ ಎತ್ತುವ ಮಾತು ನಡೆದಿದೆ ಎಂದು ನಮ್ಮ ಉಪನ್ಯಾಸಕಿಯೊಬ್ಬರಿಂದ ತಿಳಿದು ನನಗೆ ನಿಜಕ್ಕೂ ಕಸಿವಿಸಿಯಾಯಿತು. ಮೂರು ವರ್ಷ ಮಕ್ಕಳ ಶುಲ್ಕ, ಬಸ್ ಪಾಸು, ಪುಸ್ತಕದ ಖರ್ಚುಗಳನ್ನು ಹೇಗೋ ಹೊಂದಿಸಿದ ಮನೆಗಳು ಕೊನೆಯ ದಿನದ ಎರಡು ತಾಸಿನ ಕಾರ್ಯಕ್ರಮಕ್ಕಾಗಿ ಮತ್ತೆ ಕಂತು ಕಟ್ಟುವಂತಾಗಬಾರದು.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಪ್ರತಿ ವರ್ಷ ಕೆಲವು ವಿದ್ಯಾರ್ಥಿಗಳು ಮನೆಯಿಂದ ಯಾರೂ ಬರುವುದಿಲ್ಲವೆಂದು ಪಾಸುಗಳನ್ನು ಹಿಂದಿರುಗಿಸುತ್ತಾರೆ. ವಿಚಾರಿಸಿದಾಗ, ಧೋತರ ಉಟ್ಟ ತಂದೆ ಗೆಳೆಯರ ಎದುರಿಗೆ ಬರುವುದು ಬೇಡವೆಂದು ಮಗನೇ ಹೇಳಿರುವುದೋ, ಇಳಕಲ್ ಸೀರೆ ಬಿಟ್ಟು ಬೇರೆ ಏನಾದರೂ ಉಟ್ಟು ಬಾ ಎಂದು ಮಗಳು ಒತ್ತಾಯಿಸಿದ್ದಕ್ಕೆ ತಾಯಿ ಮುನಿಸಿಕೊಂಡು ಉಳಿದಿರುವುದೋ ತಿಳಿದುಬರುತ್ತದೆ. ಇಳಕಲ್ ಊರೇ ಇರುವ ಬಾಗಲಕೋಟೆ ಜಿಲ್ಲೆಯ ಕಾಲೇಜಿನಲ್ಲಿ ಹೀಗಾಗುವುದು ವಿಚಿತ್ರವೇ ಸರಿ. ಒಡಲಿಗೆ ಒಂದು ಹಾಸು (ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು ಹೂಡಿ, ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿ ನೇಯುವ ಸೀರೆ ಅದು. ಅದರ ಕೆಂಪು ರೇಷ್ಮೆಯ ಟೋಪ ತೆನಿ ಸೆರಗಿನಲ್ಲಿ ಬಿಳಿಯ ತೆನೆಗಳು ಸಾಲಾಗಿ ಮೂಡಬೇಕಾದರೆ ನೇಕಾರರ ಮನೆಯಲ್ಲಿ ಒಬ್ಬರಲ್ಲ, ಹಲವರ ಕೈ ಸೇರಿರುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಅಂಥ ಮನೆಗಳಿಂದಲೇ ಬಂದವರು. ಆ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಂದ ತಾಯಿ ಸಭಾಂಗಣದ ಯಾವ ಸಾಲಿನಲ್ಲಿ ಕುಳಿತರೂ ಆ ಸಾಲಿಗೇ ಒಂದು ಕಳೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಧೋತರ, ನೆಹರು ಶರ್ಟು, ಗಾಂಧಿ ಟೋಪಿ, ರುಮಾಲು ಇವೆಲ್ಲ ನಮ್ಮ ಭಾಗದ ಗೌರವದ ಉಡುಪುಗಳೇ ಆಗಿವೆ. ಈ ಸಂಗತಿಯನ್ನು ಅಂತಿಮ ವರ್ಷದ ತರಗತಿಗಳಲ್ಲಿ ನಾನೇ ಹೋಗಿ ಹೇಳಿದ್ದೇನೆ. ಮನೆಯಲ್ಲಿ ಮಕ್ಕಳು ಮತ್ತೆ ತಕರಾರು ತೆಗೆದರೆ ದಯವಿಟ್ಟು ಈ ಪತ್ರವನ್ನು ಅವರಿಗೆ ತೋರಿಸಿ.

ಪದವೀಧರರ ಉಡುಪು ಮಾತ್ರ ಬೇರೆ. ವಿಶ್ವವಿದ್ಯಾಲಯಗಳ ಘಟಿಕೋತ್ಸವಗಳಲ್ಲಿ ಕೈಮಗ್ಗದ ಬಟ್ಟೆಯ ನಿಲುವಂಗಿಗಳನ್ನು ಬಳಸುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ ಸಲಹೆ ನೀಡಿತ್ತು. ಅದಕ್ಕೂ ಮೊದಲು, 2010ರಲ್ಲಿ, ಅಂದಿನ ಕೇಂದ್ರ ಪರಿಸರ ಸಚಿವರಾದ ಜೈರಾಮ್ ರಮೇಶ್ ಅವರು ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದ ವೇದಿಕೆಯಲ್ಲೇ, ಇದು ವಸಾಹತು ಕಾಲದ ಉಳಿಕೆ ಎಂದು ಗೌನನ್ನು ಕಳಚಿದ್ದು ದೇಶದಲ್ಲೆಲ್ಲ ಚರ್ಚೆಯಾಗಿತ್ತು. ನಾವು ಅಷ್ಟು ದೊಡ್ಡ ತತ್ವಕ್ಕಾಗಿ ಏನನ್ನೂ ಮಾಡಿಲ್ಲ. ನಮ್ಮ ಊರಿನ ಬಿಸಿಲಿನಲ್ಲಿ ಪಾಲಿಯೆಸ್ಟರಿನ ಕಪ್ಪು ಗೌನು ತೊಟ್ಟು ಮಕ್ಕಳು ಬೆವರುವುದನ್ನು ನೋಡಲಾಗದೆ ಅದನ್ನು ಕೈಬಿಟ್ಟೆವು. ಈಗ ಪ್ರತಿ ಪದವೀಧರರಿಗೂ ಕೆಂಪು ದಡಿಯಿರುವ ಕೆನೆಬಣ್ಣದ ಕೈಮಗ್ಗದ ಉತ್ತರೀಯವನ್ನು ಕಾಲೇಜೇ ಕೊಡುತ್ತದೆ. ಅತಿಥಿಗಳು ಅದೇ ಬಗೆಯ ಉತ್ತರೀಯವನ್ನು ಹೆಗಲ ಮೇಲೆ ಹಾಕಿಕೊಂಡು ಬಾರದಿದ್ದರೆ ಉಪಕಾರವಾಗುತ್ತದೆ, ಏಕೆಂದರೆ ವೇದಿಕೆಗೆ ಕಳುಹಿಸುವ ಸ್ವಯಂಸೇವಕರು ಪದವೀಧರರನ್ನು ಗುರುತಿಸುವುದೇ ಅದರಿಂದ.

ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುವುದು ತಮಗೆ ಗೊತ್ತೇ ಇದೆ. ಸಭಾಂಗಣದಲ್ಲಿ ಫ್ಯಾನುಗಳಿವೆ, ಹವಾನಿಯಂತ್ರಣದ ವ್ಯವಸ್ಥೆ ಇಲ್ಲ. ಆದ್ದರಿಂದ ಭಾರವಾದ ಜರತಾರಿ ಸೀರೆ, ಕೋಟು, ಮಕ್ಕಳಿಗೆ ಗೊಂಬೆಯಂತೆ ತೊಡಿಸುವ ಬಿಗಿಯಾದ ಸೂಟುಗಳ ಬದಲು ಹತ್ತಿಯ ಬಟ್ಟೆ ಉತ್ತಮ. ವಯಸ್ಸಾದವರ ವಿಷಯದಲ್ಲಂತೂ ಇದನ್ನು ಮರೆಯಬೇಡಿ. ಚಿನ್ನದ ಪದಕ ಪಡೆಯುವವರ ತಂದೆ-ತಾಯಿಯರನ್ನು ವೇದಿಕೆಗೆ ಕರೆಯಲಾಗುವುದು. ವೇದಿಕೆಯ ಮೆಟ್ಟಿಲುಗಳು ಕಡಿದಾಗಿದ್ದು ಹಿಡಿಗಂಬಿ ಒಂದೇ ಬದಿಗೆ ಇರುವುದರಿಂದ ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಸೀರೆಯ ನೆರಿಗೆ ನೆಲಕ್ಕೆ ತಾಗದಂತಿರಲಿ. ದೀಪ ಬೆಳಗುವ ಸ್ಥಳ ಬಿಟ್ಟರೆ ವೇದಿಕೆಯ ಮೇಲೆ ಎಲ್ಲಿಯೂ ಪಾದರಕ್ಷೆ ಕಳಚಬೇಕಾಗಿಲ್ಲ.

ರುಮಾಲು ಸುತ್ತಿದ ಹಿರಿಯರಿಂದ ಹಿಂದಿನ ಸಾಲಿನವರಿಗೆ ವೇದಿಕೆ ಕಾಣುವುದಿಲ್ಲವೆಂದು ಕಳೆದ ಸಲ ಸಣ್ಣ ವಾಗ್ವಾದವಾಗಿತ್ತು. ರುಮಾಲು ತೆಗೆಯಿರೆಂದು ಯಾರೂ ಯಾರಿಗೂ ಹೇಳಕೂಡದು. ಅವರಿಗಾಗಿ ಬಲಬದಿಯ ಗೋಡೆಗುಂಟ ಕುರ್ಚಿಗಳನ್ನು ಕಾದಿರಿಸಿದ್ದೇವೆ. ಅಲ್ಲಿಂದ ವೇದಿಕೆ ಚೆನ್ನಾಗಿ ಕಾಣುತ್ತದೆ, ಹಿಂದೆ ಕುಳಿತವರಿಗೂ ಅಡ್ಡಿಯಾಗುವುದಿಲ್ಲ. ತಲೆಯ ಮೇಲೆ ಸೆರಗು, ಬುರ್ಖಾ, ಹಿಜಾಬ್, ಟೋಪಿ, ಪೇಟ, ಯಾವುದಕ್ಕೂ ಅತಿಥಿಗಳಿಗೆ ನಿರ್ಬಂಧವಿಲ್ಲ. ಸಾರಿಗೆ ಸಂಸ್ಥೆಯ ಚಾಲಕರು, ನಿರ್ವಾಹಕರು, ಪೊಲೀಸರು, ದಾದಿಯರು, ಆಶಾ ಕಾರ್ಯಕರ್ತೆಯರು ಕೆಲಸದಿಂದ ನೇರವಾಗಿ ಸಮವಸ್ತ್ರದಲ್ಲಿಯೇ ಬರಬಹುದು. ಬಟ್ಟೆ ಬದಲಿಸಲು ಮನೆಗೆ ಹೋಗಿಬರುವಷ್ಟರಲ್ಲಿ ಮಗಳ ಹೆಸರು ಕರೆದು ಮುಗಿದಿರಬಹುದು.

ಗಂಡನನ್ನು ಕಳೆದುಕೊಂಡ ತಾಯಂದಿರಲ್ಲಿ ಕೆಲವರು, ಇದು ಶುಭಕಾರ್ಯ, ಹೇಗೆ ಉಟ್ಟು ಹೇಗೆ ಬರುವುದು ಎಂದು ಹಿಂಜರಿಯುತ್ತಾರೆಂದು ಬಲ್ಲೆ. ಬಾಗಿಲಲ್ಲಿ ಅರಿಶಿನ-ಕುಂಕುಮ ಕೊಡುವ ಪದ್ಧತಿಯನ್ನು ಈ ವರ್ಷದಿಂದ ನಿಲ್ಲಿಸಿದ್ದೇವೆ. ಬಂದ ಎಲ್ಲರಿಗೂ ಒಂದು ಗುಲಾಬಿ, ಒಂದು ಲೋಟ ಪಾನಕ. ತಾವು ಬಣ್ಣದ ಸೀರೆಯನ್ನೇ ಉಡಿ, ಬಿಳಿಯದನ್ನೇ ಉಡಿ, ಹೂ ಮುಡಿಯಿರಿ, ಬಿಡಿ, ಅದು ತಮ್ಮ ಇಷ್ಟ. ಒಬ್ಬರೇ ದುಡಿದು ಮಗುವನ್ನು ಪದವಿಯವರೆಗೆ ಓದಿಸಿದ ತಾವು ಹಿಂದಿನ ಸಾಲಿನಲ್ಲಿ ಮರೆಯಾಗಿ ಕುಳಿತುಕೊಳ್ಳಬಾರದು ಎಂಬುದಷ್ಟೇ ನನ್ನ ಕೋರಿಕೆ.

ಬೇಡವೆಂದು ಸ್ಪಷ್ಟವಾಗಿ ಹೇಳಬೇಕಾದವು ಎರಡೇ. ರಾಜಕೀಯ ಪಕ್ಷಗಳ ಅಥವಾ ಸಂಘಟನೆಗಳ ಶಾಲು, ಚಿಹ್ನೆ, ಘೋಷಣೆಗಳಿರುವ ಅಂಗಿಗಳನ್ನು ಧರಿಸಿ ಬಂದವರನ್ನು, ಅವರು ಎಷ್ಟೇ ದೊಡ್ಡ ಮುಖಂಡರಾಗಿದ್ದರೂ, ಅವನ್ನು ತೆಗೆದಿರಿಸಿ ಒಳಗೆ ಬರುವಂತೆ ಕೋರಲಾಗುವುದು. ಹಾಗೆಯೇ ತೀವ್ರವಾದ ಅತ್ತರು ಮತ್ತು ಸೆಂಟುಗಳು. ಕಿಕ್ಕಿರಿದ ಸಭಾಂಗಣದಲ್ಲಿ ಉಬ್ಬಸದ ತೊಂದರೆ ಇರುವವರಿಗೆ ಅವು ಬಹಳ ಹಿಂಸೆಯಾಗುತ್ತವೆ.

ಪದವೀಧರರು 9.30ಕ್ಕೆ ಬಂದು ತಮ್ಮ ವಿಭಾಗದ ಕೊಠಡಿಯಲ್ಲಿ ಉತ್ತರೀಯ ಪಡೆಯಬೇಕು. ಅತಿಥಿಗಳು 10.15ರೊಳಗೆ ಆಸೀನರಾಗಿರಬೇಕೆಂದು ವಿನಂತಿ. ಗಾಲಿ ಕುರ್ಚಿ ಬೇಕಾದವರು, ಬಲಬದಿಯ ಕುರ್ಚಿ ಬೇಕಾದ ಹಿರಿಯರು ಮುಂಚಿತವಾಗಿ ತರಗತಿಯ ಮಾರ್ಗದರ್ಶಕ ಉಪನ್ಯಾಸಕರಿಗೆ ತಿಳಿಸಿರಿ. ಪಾಸುಗಳನ್ನು ಹಿಂದಿರುಗಿಸಿರುವ ಮನೆಯವರು ಮನಸ್ಸು ಬದಲಿಸಿದರೆ ಅವು ಸಮಾರಂಭದ ಹಿಂದಿನ ದಿನ ಸಂಜೆಯವರೆಗೆ ಕಚೇರಿಯಲ್ಲಿ ಅವರ ಹೆಸರಿನಲ್ಲಿಯೇ ಇರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಂಶುಪಾಲರು